ಸಂಜೆಗೇ ತೆರೆದ ತಟ್ಟೆ

ಲಕ್ಕಮ್ಮನ ಹೆಣವನ್ನು ಬಾಗೂರಿಗೆ ಗಾಡಿಯಲ್ಲಿ ಒಯ್ದ ಮರುದಿನವೇ ಪಕ್ಕದ ಮಂಚದ ನೀಲಾಂಬಿಕೆಗೂ ಜ್ವರ ಬಂತು. ಅದು ೧೯೬೧ನೇ ಇಸವಿ; ಹಾಸನದ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಇಬ್ಬರೂ ಹಸಿ ಬಾಣಂತಿಯರು. ಲಕ್ಕಮ್ಮನ ಎದೆಯಲ್ಲಿ ಕೀವು ಕಟ್ಟಿದಾಗ ಎಲ್ಲರೂ ಪೆನಿಸಿಲಿನ್ ನಂಬಿ ಕೂತಿದ್ದರು. ಎಷ್ಟು ಚುಚ್ಚಿದರೂ ನಂಜು ಮೈಗೆಲ್ಲ ಏರಿತ್ತು.

ನೀಲಾಂಬಿಕೆಯ ಗಂಡ ಪರಮಶಿವಯ್ಯ ಅರಕಲಗೂಡು ಕಡೆ ಹೊಗೆಸೊಪ್ಪು ಬೆಳೆಯುವವನು. ನರ್ಸಮ್ಮ ಸಿರಿಂಜು ಹಿಡಿದು ಬಂದದ್ದನ್ನು ಕಂಡು ಮಂಚಕ್ಕೆ ಅಡ್ಡ ನಿಂತ.

“ಲಕ್ಕಮ್ಮಂಗೂ ಇದೇ ಸೂಜಿ ಚುಚ್ಚುದ್ರಲ್ಲ, ಡಾಕ್ಟ್ರಮ್ಮಾ? ಓಗ್ಬುಟ್ಲು. ಇವ್ಳಿಗೂ ಅದೇನಾ?”

ಡಾಕ್ಟರ್ ಚಕ್ರೇಶ್ವರಿ ಸಿರಿಂಜು ಕೆಳಗಿಡುವಂತೆ ನರ್ಸಮ್ಮನಿಗೆ ಸನ್ನೆ ಮಾಡಿದಳು. ಚನ್ನರಾಯಪಟ್ಟಣದ ಜೈನರ ಮನೆಯ ಮಗಳು. ಆಸ್ಪತ್ರೆಯ ಪುಟ್ಟ ಲ್ಯಾಬೂ ಅವಳ ಕೈಯಲ್ಲೇ ಇತ್ತು. ಯಾವ ಮದ್ದಿಗೆ ರೋಗಾಣು ಸಾಯುತ್ತದೆಂದು ತಿಳಿಯಲು ಮೊದಲು ಅದನ್ನು ಬೇರೆಯಾಗಿ ಬೆಳೆಸಿ, ಆಮೇಲೆ ಪರೀಕ್ಷೆ ಮಾಡಬೇಕು. ಅದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಲಕ್ಕಮ್ಮ ಅಷ್ಟು ಕಾದಿರಲಿಲ್ಲ.

ಈ ಸಲ ಚಕ್ರೇಶ್ವರಿ ನೀಲಾಂಬಿಕೆಯ ಎದೆಯಲ್ಲೂ ಕಟ್ಟಿದ್ದ ಕೀವನ್ನೇ ನೇರವಾಗಿ, ರೋಗಾಣು ಬೆಳೆಸುವ ಗಾಜಿನ ತಟ್ಟೆಯ ಮೇಲೆ ಸವರಿದಳು. ಬೇರೆ ಬೇರೆ ಮದ್ದಿನಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು, ತಟ್ಟೆಯನ್ನು ಬೆಚ್ಚನೆಯ ಪೆಟ್ಟಿಗೆಯೊಳಗೆ ಮುಚ್ಚಿದಳು.

ಸಂಜೆಗೇ ತೆರೆದು ನೋಡಿದಳು. ಪೆನಿಸಿಲಿನ್ ಬಿಲ್ಲೆಯ ಅಂಚಿನವರೆಗೂ ರೋಗಾಣು ಹಾಲಿನ ಕೆನೆಯಂತೆ ತೆಳುವಾಗಿ ಹಬ್ಬಿತ್ತು. ಕ್ಲೋರಾಂಫೆನಿಕಾಲ್ ಎಂಬ ಮದ್ದಿನ ಬಿಲ್ಲೆಯ ಸುತ್ತ ಮಾತ್ರ ಬಳೆಯಷ್ಟು ಜಾಗ ಖಾಲಿ; ಅಲ್ಲಿ ರೋಗಾಣು ಬೆಳೆದಿರಲಿಲ್ಲ.

ಹಿರಿಯ ವೈದ್ಯ ಅನಂತರಾಜಯ್ಯ ತಟ್ಟೆಯನ್ನು ಬೆಳಕಿಗೆ ಹಿಡಿದರು. “ಇನ್ನೂ ಸರಿಯಾಗಿ ಬೆಳೆದೇ ಇಲ್ಲಮ್ಮ. ಬೆಳಗಾಗೋ ಹೊತ್ತಿಗೆ ಈ ಜಾಗಾನೂ ಮುಚ್ಚಿಹೋದ್ರೆ? ಆ ಮದ್ದು ಕೆಲವರ ರಕ್ತಾನೇ ಕೆಡಿಸುತ್ತೆ.”

“ಬೆಳಗಿನ ತನಕ ಅವಳಿರ್ತಾಳಾ ಸಾರ್?”

ವಾರ್ಡಿನಿಂದ ನೀಲಾಂಬಿಕೆಯ ಕನವರಿಕೆ ಕೇಳಿಸುತ್ತಿತ್ತು. ಅನಂತರಾಜಯ್ಯ ತಟ್ಟೆ ಕೆಳಗಿಟ್ಟರು. “ಕೊಡು. ಮದ್ದು ಹಾಲಿಗೂ ಇಳಿಯುತ್ತೆ, ಮಗೂಗೆ ಎದೆಹಾಲು ಬಿಡಿಸು.”

ಬೆಳಿಗ್ಗೆಯೂ ಆ ಜಾಗ ಖಾಲಿಯೇ ಇತ್ತು. ಆದರೆ ಜ್ವರ ಇಳಿದಿರಲಿಲ್ಲ. ಚಕ್ರೇಶ್ವರಿ ಮತ್ತೆ ಮತ್ತೆ ಹೋಗಿ ಹಣೆ ಮುಟ್ಟಿದಳು. ಪ್ರತಿ ಸಲವೂ ಅದು ಸುಡುತ್ತಿತ್ತು. ಅದರ ಮಾರನೆಯ ದಿನ ನೀಲಾಂಬಿಕೆ ಬೆವೆತಳು, ಗಂಜಿ ಕೇಳಿದಳು.

ಹಾಗಾದರೆ ಈ ನಂಜು ವಾರ್ಡಿಗೆ ಬಂದದ್ದಾದರೂ ಎಲ್ಲಿಂದ? ಇಂಥ ರೋಗಾಣು ಕಾಯಿಲೆಯಿಲ್ಲದವರ ಮೂಗಿನಲ್ಲೂ ಅಡಗಿರುತ್ತದೆ. ಚಕ್ರೇಶ್ವರಿ ಅಲ್ಲಿ ದುಡಿಯುವವರೆಲ್ಲರ ಮೂಗಿನೊಳಗೆ ಹತ್ತಿ ತಿರುವಿ ತಟ್ಟೆಗಳಿಗೆ ಸವರಿದಳು. ಕೊನೆಗೆ ತನ್ನದನ್ನೂ ತೆಗೆದಳು.

ಪೆನಿಸಿಲಿನ್‌ಗೆ ಬಗ್ಗದ ಆ ರೋಗಾಣು ಒಂದೇ ತಟ್ಟೆಯಲ್ಲಿ ಎದ್ದಿತು. ಅವಳದರಲ್ಲಿ.

ಲಕ್ಕಮ್ಮನ ಹೆರಿಗೆ ಮಾಡಿಸಿದ್ದು ಅವಳೇ, ಎದೆಯ ಗಾಯಕ್ಕೆ ಪಟ್ಟಿ ಕಟ್ಟಿದ್ದೂ ಅವಳೇ. ಲಕ್ಕಮ್ಮನಿಂದ ತನಗೆ ಬಂತೋ, ತನ್ನಿಂದ ಲಕ್ಕಮ್ಮನಿಗೆ ಹೋಯಿತೋ, ಯಾವ ತಟ್ಟೆಯೂ ಹೇಳುವಂತಿರಲಿಲ್ಲ. ಅನಂತರಾಜಯ್ಯನವರಿಗೆ ತಿಳಿಸಿ, ಇನ್ನು ವಾರ್ಡಿಗೆ ಕಾಲಿಡುವುದಿಲ್ಲವೆಂದಳು. ಅಂಗಳದಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಪರಮಶಿವಯ್ಯನಿಗೂ ಆ ರೋಗಾಣು ತನ್ನ ಮೂಗಿನಲ್ಲೇ ಇದೆಯೆಂದು ಹೇಳಿದಳು.

ಅವನು ತನಗೇ ಅರಿವಿಲ್ಲದೆ ಹಿಂದೆ ಸರಿದ. ಮಗುವಿನ ಮುಖವನ್ನು ಟವೆಲಿನಿಂದ ಮುಚ್ಚಿದ. ಆಮೇಲೆ ನಾಚಿಕೊಂಡವನಂತೆ ತಲೆ ತಗ್ಗಿಸಿದ.

“ನಮ್ಮವ್ಳ್ನ ನೀವೇ ಉಳುಸುದ್ರಿ, ಅದ್ನ ನಾನು ಮರ್ಯಾಕಿಲ್ಲ. ಆದ್ರೆ… ಲಕ್ಕಮ್ಮನ ಮನೇವ್ರಿಗೆ ಯೋಳುದ್ರಾ?”

“ಇಲ್ಲ.”

“ಯೋಳ್ಬೇಕು ಕಣವ್ವ.”

ಮಧ್ಯಾಹ್ನದ ಬಸ್ಸಿನಲ್ಲಿ ಚಕ್ರೇಶ್ವರಿ ಲಕ್ಕಮ್ಮನ ಊರಾದ ಬಾಗೂರಿಗೆ ಹೊರಟಳು. ಪಕ್ಕದಲ್ಲಿ ಕೂತ ಹೆಂಗಸಿನ ತೊಡೆಯ ಮೇಲೆ ಹಸುಗೂಸಿತ್ತು. ಅದು ಇವಳ ಕಡೆ ಹೊರಳಿ ನಕ್ಕಿತು. ಚಕ್ರೇಶ್ವರಿ ಸೆರಗಿನಿಂದ ಮೂಗುಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.