ಹೆಬ್ಬೆರಳಿಗೆ ಬಂದ ಎಂಟರ್

ಅಕ್ಕನಿಗೆ ಕಿವಿ ಹೋದದ್ದು ದೊಡ್ಡವಳಾದ ಮೇಲೆ, ಒಂದು ಜ್ವರದಲ್ಲಿ. ಮಾತು ಹೋಗಲಿಲ್ಲ, ಹೋಗಿದ್ದರೆ ಮನೆ ಸ್ವಲ್ಪ ತಣ್ಣಗಿರುತ್ತಿತ್ತು ಎಂದು ತಂಗಿ ತಮಾಷೆ ಮಾಡುವುದಿತ್ತು. ಇಬ್ಬರೂ ಒಂದೇ ಮನೆಯಲ್ಲಿದ್ದರು. ಅಕ್ಕ ಹಲ್ಲಿನ ಸೆಟ್ಟು ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದಳು. ತಂಗಿಯದು ಟೈಪಿಂಗ್. ಸಭೆಯಲ್ಲೋ ಆಸ್ಪತ್ರೆಯಲ್ಲೋ ಕಿವಿ ಕೇಳದವರ ಪಕ್ಕ ಕೂತು, ಆಡಿದ ಮಾತನ್ನು ಆಡಿದ ಹಾಗೇ ಪರದೆಯ ಮೇಲೆ ಮೂಡಿಸುವುದು. ಅಕ್ಕನಿಗಾಗಿ ಕಲಿತದ್ದು ಹೊಟ್ಟೆಪಾಡಾಗಿತ್ತು.

ಹೀಗಿರುವಾಗ ಬಸ್ಸಿನ ಬಾಗಿಲಿಗೆ ಸಿಕ್ಕಿ ತಂಗಿಯ ಬಲಗೈ ಕಿರುಬೆರಳು ಮುರಿಯಿತು. ಮೂಳೆ ಕೂಡಿಕೊಂಡರೂ ಬೆರಳು ಸೊಟ್ಟಗೇ ಉಳಿಯಿತು. ಕೀಬೋರ್ಡಿನ ಎಂಟರ್ ಇರುವುದು ಆ ಬೆರಳಿನ ಪಾಲಿಗೆ. ಸಾಲು ಮುಗಿದಾಗಲೆಲ್ಲ ಅವಳು ಇಡೀ ಕೈ ಎತ್ತಿ ಅತ್ತ ಹಾಕಬೇಕು, ಅಷ್ಟರಲ್ಲಿ ಮಾತನಾಡುವವರು ಮುಂದೆ ಹೋಗಿಬಿಟ್ಟಿರುತ್ತಿದ್ದರು. ಹೆಬ್ಬೆರಳ ಬಳಿ ಯಾವ ಕೆಲಸಕ್ಕೂ ಬಾರದ ಕೀ ಒಂದು ಆರಾಮಾಗಿ ಕೂತಿತ್ತು. ಎಂಟರನ್ನು ಅಲ್ಲಿಗೆ ತರೋಣವೆಂದರೆ, ಕಂಪನಿ ಕೊಟ್ಟ ತಂತ್ರಾಂಶದಲ್ಲಿ ಬದಲಿಸಲು ಬರುತ್ತಿದ್ದದ್ದು ದೀಪದ ಬಣ್ಣ ಮಾತ್ರ.

ಹುಡುಕಿದಾಗ ದಾರಿ ಸಿಕ್ಕಿತು. ಕೀಬೋರ್ಡಿನ ಒಳಗಿನ ಚಿಪ್‌ಗೆ ಯಾವ ಕೀ ಒತ್ತಿದರೆ ಏನು ಮಾಡಬೇಕೆಂದು ಹೇಳಿಕೊಡುವ ತಂತ್ರಾಂಶವೇ ಫರ್ಮ್‌ವೇರ್. ಹವ್ಯಾಸಿಗಳ ಬಳಗವೊಂದು ತಮ್ಮದೇ ಫರ್ಮ್‌ವೇರ್ ಬರೆದು ಪುಕ್ಕಟೆ ಹಂಚುತ್ತಿತ್ತು. ಅದನ್ನು ಹಾಕಿಕೊಂಡರೆ ಯಾವ ಕೀಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಪುಟದ ಮೊದಲಲ್ಲೇ ದಪ್ಪಕ್ಷರದಲ್ಲಿ ಎಚ್ಚರಿಕೆ ಇತ್ತು: ಕಂಪನಿಯ ಗ್ಯಾರಂಟಿ ಹೋಗುತ್ತದೆ, ಮಾದರಿ ತಪ್ಪಿದರೆ ಕೀಬೋರ್ಡ್ ಸತ್ತೇ ಹೋಗಬಹುದು, ನಿಮ್ಮ ಜವಾಬ್ದಾರಿಯಲ್ಲಿ ಹಾಕಿಕೊಳ್ಳಿ. ಔಷಧಿ ಡಬ್ಬಿಯ ಚೀಟಿ ಓದಿದಷ್ಟೇ ಶ್ರದ್ಧೆಯಿಂದ ಅವಳು ಅದನ್ನು ಓದಿ ಕೆಳಗಿಳಿದಳು. ಬಳಗದ ವಿಧಾನ ಉದ್ದವಾಗಿತ್ತು. ಅದರ ಕೆಳಗೆ, ಟಿಪ್ಪಣಿಗಳ ನಡುವೆ, ಯಾರೋ ಪುಣ್ಯಾತ್ಮರು ಎಲ್ಲ ಸಿದ್ಧಮಾಡಿದ ಫೈಲನ್ನೇ ಇಟ್ಟಿದ್ದರು. ಅವಳು ಅದನ್ನು ಇಳಿಸಿಕೊಂಡಳು.

ಎಂಟರ್ ಹೆಬ್ಬೆರಳಿಗೆ ಬಂತು. ಅವಳ ಸಾಲುಗಳು ನೀರು ಹರಿದ ಹಾಗೆ ಇಳಿಯತೊಡಗಿದವು.

“ಈಗ ಉಸಿರಾಡ್ಕೊಂಡು ಟೈಪ್ ಮಾಡ್ತಿದ್ದೀಯ ಕಣೇ,” ಎಂದಳು ಅಕ್ಕ. “ಮೊದಲು ಯಾರೋ ಅಟ್ಟಿಸ್ಕೊಂಡು ಬರ್ತಿರೋ ಹಾಗೆ ಕಾಣ್ತಿದ್ದೆ.”

ತಂಗಿ ಹಿಗ್ಗಿದಳು. ಅದೇ ಕೀಬೋರ್ಡ್ ಹೊತ್ತು ವೈದ್ಯರ ಕೋಣೆಗೂ ಹೋದಳು. ಅಲ್ಲಿ ಕಿವಿ ಕೇಳದ ಒಬ್ಬ ತಾತನಿಗೆ, ಮನೆಯವರಿಗೂ ಗೊತ್ತಿರದ ಕಾಯಿಲೆಯ ಬಗ್ಗೆ ವೈದ್ಯರು ಹೇಳಿದ್ದನ್ನೆಲ್ಲ ಟೈಪ್ ಮಾಡಿಕೊಟ್ಟಳು.

ಎಡವಟ್ಟಾದದ್ದು ಬಡಾವಣೆಯ ಸಭೆಯಲ್ಲಿ. ಅಲ್ಲಿನ ಆರೋಗ್ಯ ಕೇಂದ್ರವನ್ನು ದೂರಕ್ಕೆ ಸಾಗಿಸುವ ಮಾತು ನಡೆದಿತ್ತು. ಅಕ್ಕ ಮತ್ತು ಕಿವಿ ಕೇಳದ ಇನ್ನೂ ಕೆಲವರು ಮುಂದಿನ ಸಾಲಿನಲ್ಲಿದ್ದರು. ಅಧಿಕಾರಿ ಕಾಗದ ನೋಡಿ ಗಡಗಡನೆ ಓದುತ್ತಿದ್ದರು. ‘ಯಾರಿಗೂ ತೊಂದರೆ ಆಗದಂತೆ ನೋಡಿಕೊಳ್ಳುತ್ತೇವೆ ಎಂದು’ ಎನ್ನುವವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಪರದೆಯ ಮೇಲೆ ಕಕಕಕಕಕ ಎಂದು ಸಾಲುಗಟ್ಟಿತು. ತಂಗಿ ಕೈ ಎತ್ತಿದರೂ ನಿಲ್ಲಲಿಲ್ಲ. ಪರದೆ ತುಂಬಿ, ಉರುಳಿ, ಮತ್ತೆ ತುಂಬಿತು.

“ಸಾಹೇಬ್ರು ಕಾಗೆ ಹಾರಿಸ್ತಿದ್ದಾರೆ ಅಂತ ಅದಕ್ಕೂ ಗೊತ್ತಾಯ್ತು!” ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

ತಂಗಿಯ ಮುಖ ಕೆಂಪಾಯಿತು. ನಗು ಕೇಳಿಸದ ಅಕ್ಕ ಎದ್ದು ನಿಂತು, “ಸ್ವಲ್ಪ ನಿಲ್ಲಿಸಿ. ನಮಗೇನೂ ಕಾಣ್ತಿಲ್ಲ,” ಎಂದಳು. ಅಧಿಕಾರಿ ನಿಂತರು. ತಂಗಿ ಕೀಬೋರ್ಡಿನ ಕೇಬಲ್ ಕಿತ್ತು, ಲ್ಯಾಪ್‌ಟಾಪಿನದೇ ಕೀಗಳ ಮೇಲೆ ಸೊಟ್ಟ ಬೆರಳಿಟ್ಟು ಕುಂಟುತ್ತ ಮುಂದುವರಿದಳು. ಅವಳಿಗಾಗಿ ಅಧಿಕಾರಿ ಬಿಡಿಸಿ ಬಿಡಿಸಿ ಹೇಳಬೇಕಾಯಿತು. “ಈಗ ನಮಗೂ ಅರ್ಥ ಆಗ್ತಿದೆ,” ಎಂದರು, ಕಿವಿ ನೆಟ್ಟಗಿದ್ದ ಒಬ್ಬರು.

ಮನೆಗೆ ಬಂದವಳೇ ಹೊಸ ಫರ್ಮ್‌ವೇರ್ ತೆಗೆದು ಕಂಪನಿಯದನ್ನು ಹಾಕಲು ಕೂತಳು. ಅರ್ಧಕ್ಕೆ ಅದು ನಿಂತುಹೋಯಿತು. ಕೀಬೋರ್ಡಿನ ದೀಪಗಳು ಆರಿದವು. ಏನು ಒತ್ತಿದರೂ ಉಸಿರಿಲ್ಲ. ಸರ್ವಿಸ್ ಸೆಂಟರಿನವನು ಫೋನಿನಲ್ಲಿ ವಿಷಯ ಕೇಳಿ, “ಹೊರಗಿನದ್ದು ಹಾಕಿದ್ರೆ ನಾವು ಮುಟ್ಟೋ ಹಾಗಿಲ್ಲ ಮೇಡಂ,” ಎಂದ. ತಪ್ಪು ತನ್ನದೇ ಆದ್ದರಿಂದ ಅವಳು ಜಗಳವಾಡದೆ ಫೋನಿಟ್ಟಳು.

ಕೊನೆಗೆ, ಯಾವ ಫೈಲು ಹಾಕಿದ್ದೆನೆಂಬುದನ್ನೂ ಸೇರಿಸಿ, ಹವ್ಯಾಸಿಗಳ ಬಳಗಕ್ಕೇ ಬರೆದಳು. ಫರ್ಮ್‌ವೇರ್ ಬರೆದಾತನೇ ಮರುದಿನ ಉತ್ತರಿಸಿದ. ನಿಮ್ಮದು ಹೊಸ ಮಾದರಿಯ ಬೋರ್ಡು, ನಮ್ಮದು ಅದಕ್ಕಿನ್ನೂ ಒಗ್ಗಿಲ್ಲ ಎಂದಿದ್ದ. ಅದು ಹಾಗಿರಲಿ, ನೀವು ಹಾಕಿಕೊಂಡ ಫೈಲೇ ನಮ್ಮದಲ್ಲ. ಯಾರು ಮಾಡಿದ್ದು, ಒಳಗೆ ಏನು ಸೇರಿಸಿದ್ದಾರೆ, ಹೇಳಲಾಗದು. ಒತ್ತಿದ ಕೀಗಳನ್ನೆಲ್ಲ ಕದ್ದು ನೆನಪಿಟ್ಟುಕೊಳ್ಳುವ ಹಾಗೂ ಬರೆಯಬಹುದು. ಮೊದಲು ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿ ಎಂದೂ ಹೇಳಿದ್ದ. ಆಮೇಲೆ ಕೀಬೋರ್ಡನ್ನು ಎಬ್ಬಿಸುವ ಉಪಾಯ ಬರೆದಿದ್ದ.

ತಂಗಿ ಪತ್ರವನ್ನು ಅಕ್ಕನ ಮುಂದೆ ಹಿಡಿದಳು. ಪಾಸ್‌ವರ್ಡೇನೋ ಬದಲಿಸಬಹುದು. ತಾತನ ಕಾಯಿಲೆ? ಆ ಮಾತು ಅವಳದಾಗಿರಲಿಲ್ಲ, ಬರೀ ಅವಳ ಬೆರಳ ತುದಿಯಿಂದ ಹಾದುಹೋಗಿತ್ತು.

“ಏನೂ ಆಗಿರದೇನೂ ಇರಬಹುದು,” ಎಂದಳು ಅಕ್ಕ, ಪತ್ರ ಓದಿ. “ಆದ್ರೆ ಹೇಳದೆ ಇದ್ರೆ ನಿನಗೆ ನಿದ್ದೆ ಬರಲ್ಲ. ಹೋಗಿ ಹೇಳ್ಬಿಡು.”

ತನಗೆ ಕೆಲಸ ಕೊಡುವ ಸಂಸ್ಥೆಗೆ ಅವಳು ತಿಳಿಸಿದಳು. ಅವರು ಗದರಿದರು, ಇನ್ನು ಮುಂದೆ ಕೀಬೋರ್ಡಿಗೆ ಹೊಸದೇನು ಹಾಕುವುದಿದ್ದರೂ ಕೇಳಿ ಹಾಕು ಎಂದರು. ತಾತನ ಮನೆಗೆ ತಾನೇ ಹೋಗಿ, ನಡೆದದ್ದನ್ನೆಲ್ಲ ಹಾಳೆಯಲ್ಲಿ ಬರೆದು ಮುಂದಿಟ್ಟಳು. ತಾತ ಕನ್ನಡಕ ಏರಿಸಿ ಎರಡು ಸಲ ಓದಿದರು.

“ನನ್ನ ಮೂಲವ್ಯಾಧಿ ಕದ್ದು ಯಾರಮ್ಮ ಉದ್ಧಾರ ಆಗ್ತಾರೆ?” ಎಂದರು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾತ ಮಾತ್ರ ನಗಲಿಲ್ಲ. “ಆದ್ರೂ ಮಗನ ಮುಂದೆ ಹೇಳ್ಕೊಳ್ಳಕ್ಕೆ ನಾಚಿಕೆಯಾಗಿ ನಿನ್ನ ಕರ್ಕೊಂಡು ಹೋಗಿದ್ದೆ. ಮುಂದಿನ ಸಲ ಪೆನ್ನು ಕಾಗದ ತಗೊಂಡು ಬಾ.”

ಮುಂದಿನ ಸಲವೂ ತನ್ನನ್ನೇ ಕರೆಯುತ್ತಾರೆಂದು ಅವಳಿಗೆ ಅರ್ಥವಾಗುವ ಹೊತ್ತಿಗೆ ಗೇಟಿನ ತನಕ ಬಂದಿದ್ದಳು.

ಭಾನುವಾರ ಅಕ್ಕ ಕೀಬೋರ್ಡಿನ ತಿರುಪು ಬಿಚ್ಚಿ, ತನ್ನ ಕೆಲಸದ ಸಣ್ಣ ಚಿಮುಟ ಹಿಡಿದು ಕೂತಳು. ಕೇಬಲ್ ಸಿಕ್ಕಿಸುವಾಗ ಒಳಗಿನ ಎರಡು ಲೋಹದ ಚುಕ್ಕೆಗಳನ್ನು ಒಟ್ಟಿಗೆ ಮುಟ್ಟಬೇಕು ಎಂಬುದೇ ಆ ಉಪಾಯ. ತಂಗಿ ಚಿಮುಟಕ್ಕೆ ಕೈ ಚಾಚಿದಳು.

“ನೀನು ಕೇಬಲ್ ಮಾತ್ರ ಹಾಕು. ದಿನಾ ಕೂರಿಸೋ ಹಲ್ಲಿನ ಹಾಗೇ ಇದು, ನನಗೆ ಸುಲಭ,” ಎಂದಳು ಅಕ್ಕ.

ಮೊದಲ ಸಲ ಆಗಲಿಲ್ಲ. ಆಮೇಲೆ ಕಂಪ್ಯೂಟರ್ ಟಿಣ್ ಎಂದಿತು. ತಂಗಿ ಅಕ್ಕನ ಭುಜ ತಟ್ಟಿ ಹೆಬ್ಬೆರಳೆತ್ತಿ ತೋರಿಸಿದಳು. ಈ ಸಲ ಕಂಪನಿಯ ಫರ್ಮ್‌ವೇರ್ ಪೂರ್ತಿ ಇಳಿಯುವ ತನಕ ಇಬ್ಬರೂ ಕುರ್ಚಿ ಬಿಟ್ಟೇಳಲಿಲ್ಲ.

ಎಂಟರ್ ಮತ್ತೆ ತನ್ನ ಮೂಲೆ ಸೇರಿತು. ಕಂಪ್ಯೂಟರಿನ ಸೆಟ್ಟಿಂಗ್ ಬಳಸಿ, ಎಡಗಡೆಯ ಕ್ಯಾಪ್ಸ್ ಲಾಕ್ ಎಂಟರಿನ ಕೆಲಸ ಮಾಡುವಂತೆ ತಂಗಿ ಬದಲಿಸಿಕೊಂಡಳು. ಹೆಬ್ಬೆರಳ ಬಳಿಯ ಕೀ ಆ ಸೆಟ್ಟಿಂಗಿಗೆ ಸಿಗುತ್ತಿರಲಿಲ್ಲ. ಹೆಬ್ಬೆರಳಿನ ಸುಖ ಇದರಲ್ಲಿಲ್ಲ, ಕೈ ಎತ್ತುವ ಕಷ್ಟವೂ ಇಲ್ಲ. ಬಳಗದವರು ಹೊಸ ಮಾದರಿಗೆ ಒಗ್ಗುವ ಫರ್ಮ್‌ವೇರ್ ಬರೆಯುತ್ತಿದ್ದಾರೆ; ಪರೀಕ್ಷಿಸಿ ನೋಡುವವರು ಬೇಕೆಂದಾಗ ಇವಳೂ ಕೈ ಎತ್ತಿದಳು. ಅದಕ್ಕೆಂದೇ ಯಾರೋ ಬಳಸಿ ಮಾರಿದ ಅದೇ ಮಾದರಿಯ ಕೀಬೋರ್ಡ್ ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದಾಳೆ. ಅದರಲ್ಲಿ ಅಕ್ಕನ ಜೊತೆ ಹರಟೆ ಮಾತ್ರ.