ಎಡಗೈಯವನ ರಾಚೆಟ್

ಟಿಕ್ ಟಿಕ್ ಟಿಕ್ — ಎಷ್ಟು ಚೆನ್ನಾಗಿ ತಿರುಗುತ್ತಿದೆ ಈಗ, ತುಕ್ಕು ಹೋಗಿ ಹಿಡಿಯ ಮೇಲಿನ ಅಚ್ಚಿನ ಅಕ್ಷರಗಳೂ ಎದ್ದು ಕಾಣುತ್ತಿವೆ, ಲಿವರನ್ನು ಬಲಕ್ಕೆ ತಳ್ಳಿದರೆ ನಟ್ಟು ಬಿಗಿ, ಎಡಕ್ಕೆ ತಳ್ಳಿದರೆ ಸಡಿಲ, ಎಲ್ಲ ರಾಚೆಟ್‌ಗಳ ಹಾಗೆ, ಸರಿಯಾಗಿಯೇ ಜೋಡಿಸಿದ್ದೇನೆ — ಅಯ್ಯೋ, ಸರಿಯಾಗಿ ಯಾಕೆ ಜೋಡಿಸಿದೆ? ಅಪ್ಪನದು ಉಲ್ಟಾ ಅಲ್ಲವೇ, ಎಡಗೈಯ ಮನುಷ್ಯ, ತಿರುಗುವ ದಿಕ್ಕನ್ನು ಹಿಡಿಯುವ ಒಳಗಿನ ಹಲ್ಲನ್ನು ಮಗುಚಿ ಕೂರಿಸಿಕೊಂಡಿದ್ದ, ನನ್ನ ಹೆಬ್ಬೆರಳು ಹೋದ ಕಡೆ ಅದು ಬರ್ಬೇಕು, ನಾನ್ಯಾಕೆ ಅದರ ಹಿಂದೆ ಹೋಗ್ಲಿ, ಅನ್ನುತ್ತಿದ್ದ, ಗ್ಯಾರೇಜಿನಲ್ಲಿ ಯಾರೂ ಅದನ್ನು ಎರವಲು ಕೇಳುತ್ತಿರಲಿಲ್ಲ, ಬೇಡಪ್ಪಾ, ಅದಕ್ಕೂ ಯಜಮಾನನ ಬುದ್ಧಿನೇ ಬಂದಿದೆ, ಬಿಗಿ ಮಾಡು ಅಂದ್ರೆ ಬಿಚ್ಚುತ್ತೆ, ಎಂದು ನಗುತ್ತಿದ್ದರು, ಅಪ್ಪನೂ ನಗುತ್ತಿದ್ದ, ಅಮ್ಮ ಮಾತ್ರ ನಗುತ್ತಿರಲಿಲ್ಲ, ಕೊನೆಗೆ ಒಂದು ಬೆಳಿಗ್ಗೆ ಅವಳ ಜೊತೆ ಜಗಳವಾಡಿ ರಾಚೆಟ್ಟೂ ಇದ್ದ ಸಾಕೆಟ್ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಹೋದವನು ಇವತ್ತಿನವರೆಗೂ ಬಂದಿಲ್ಲ.

ಮೊನ್ನೆ ತಂಗಿ ಗುಜರಿ ಅಂಗಡಿಯಿಂದ ಇದನ್ನು ಎದೆಗವಚಿಕೊಂಡು ಬಂದಳು, ಅಣ್ಣಾ, ನೋಡೋ, ಅಪ್ಪಂದೇ ಅನ್ಸುತ್ತೆ, ನದಿಯಾಚೆ ಊರಲ್ಲಿ ಯಾವುದೋ ಗ್ಯಾರೇಜ್ ಮುಚ್ಚಿದ್ರಂತೆ, ಅಲ್ಲಿಂದ ಬಂದಿದ್ದಂತೆ, ನೀನು ಹೂಂ ಅಂದ್ರೆ ಅಪ್ಪನ್ನ ಹುಡುಕ್ಕೊಂಡು ಹೊರಟೆ — ಹೋದ ಸಲವೂ ಹೀಗೇ, ಯಾರದೋ ಮಾತು ಕೇಳಿ ಓಡಿಹೋಗಿ, ಬರಿಗೈಲಿ ಬಂದು, ಗೋಡೆ ನೋಡುತ್ತ ಮಲಗಿಬಿಟ್ಟಿದ್ದಳು, ಹೂಂ ಅನ್ನಲಿಕ್ಕೆ ಭಯ, ಉಹೂಂ ಅಂದರೆ, ಅಪ್ಪ ಅಲ್ಲೇ ಇದ್ದರೆ? ಅಕ್ಷರ ನೋಡಿ ಕಂಪನಿ ಹೇಳಬಲ್ಲೆ, ಹಿಡಿಯ ಆಕಾರ ನೋಡಿ ಕಾಲ ಹೇಳಬಲ್ಲೆ, ಅದೇ ಕಂಪನಿ, ಅದೇ ಕಾಲ, ಆದರೆ ಇಂಥವು ಊರಿಗೆ ನೂರು ಇದ್ದವು, ಅಪ್ಪನದೆನ್ನಲು ಗುರುತು ಆ ಹಲ್ಲೊಂದೇ, ಲಿವರ್ ತುಕ್ಕಿಗೆ ಕಚ್ಚಿಕೊಂಡಿತ್ತು, ತೆರೆದು ನೋಡಬೇಕಿತ್ತು, ತೆರೆದೆ, ನೋಡಲಿಲ್ಲ! ಮುಚ್ಚಳ ಎದ್ದದ್ದೇ ತಡ ಸ್ಪ್ರಿಂಗ್ ಹಾರಿ ಮೇಜಿನಡಿ ಹೋಯಿತು, ಅದರ ಹಿಂದೆ ಮಂಡಿಯೂರಿ ನಾನೂ ಹೋದೆ, ಎದ್ದು ಬರುವಷ್ಟರಲ್ಲಿ ಹಲ್ಲು ತುಕ್ಕು ಬಿಡಿಸಲಿಟ್ಟ ಸೀಮೆಎಣ್ಣೆ ಡಬ್ಬಿಯ ತಳದಲ್ಲಿ, ಮಂಕಾಗಿ, ಅಲ್ಲಾಡದೆ. ಹಾಕಿದವನು ನಾನೇ? ತಾನಾಗಿ ಬಿತ್ತೇ? ಆಮೇಲೆ ಕೈ ತನ್ನ ಪಾಡಿಗೆ ತಿಕ್ಕಿತು, ಒರೆಸಿತು, ಗ್ರೀಸ್ ಹಚ್ಚಿತು, ಸರಿ ಕಡೆಗೆ ಕೂರಿಸಿತು, ಹಳೇ ಹತಾರಗಳ ರಿಪೇರಿ, ದಿನಾ ಮಾಡುವ ಕೆಲಸ, ದರಿದ್ರ ಕೈ. ಮೊದಲು ಹೇಗಿತ್ತು? ಮಗುಚಿತ್ತು, ಹೌದು, ಮಗುಚಿತ್ತು ಅನ್ನಿಸುತ್ತದೆ — ಇಲ್ಲ, ಅದು ಚಿಕ್ಕಂದಿನಲ್ಲಿ ಅಪ್ಪನ ಬೆರಳುಗಳ ನಡುವೆ ಕಂಡ ಹಲ್ಲು, ಇದಲ್ಲ, ಅಥವಾ ಇದೇ, ಎರಡೂ ಒಂದರ ಮೇಲೊಂದು ಕೂತು ತಲೆ ಕಲಸಿಹೋಗಿದೆ.

ಏನೋ, ಆಯ್ತಾ? ಬಾಗಿಲಲ್ಲಿ ತಂಗಿ, ಚೀಲ ಹೆಗಲಿಗೆ ಹಾಕಿಕೊಂಡೇ ಬಂದಿದ್ದಾಳೆ, ಕೊಡಿಲ್ಲಿ, ಎಂದು ಎಡಗೈ ಚಾಚಿದಳು, ಅವಳದೂ ಅಪ್ಪನದೇ ಕೈ, ಹೆಬ್ಬೆರಳು ತಾನಾಗಿ ಲಿವರಿನ ಮೇಲೆ ಹೋಯಿತು, ಟಿಕ್ ಟಿಕ್, ನಿಲ್ಲಿಸಿದಳು, ಮತ್ತೊಮ್ಮೆ ತಿರುಗಿಸಿದಳು, ಅಪ್ಪಂದು ಉಲ್ಟಾ ಇತ್ತಲ್ಲೋ, ಇದು ಸರಿಯಾಗೇ ಇದೆ, ಹಾಗಾದ್ರೆ ಅಲ್ಲ ಬಿಡು, ಅನ್ನುತ್ತ ಚೀಲ ಕೆಳಗಿಟ್ಟಳು, ಮುಖದಲ್ಲಿರುವುದು ಅಳುವೋ ಸಮಾಧಾನವೋ ತಿಳಿಯುತ್ತಿಲ್ಲ, ನಾನು ಬಿಚ್ಚಿಬಿಟ್ಟೆ ಕಣೇ, ಅನ್ನಬೇಕು, ಈಗಲೇ ಅನ್ನಬೇಕು, ಬಾಯಿ ತೆರೆದಿದ್ದೇನೆ, ಕಣ್ಣೆದುರು ಮತ್ತದೇ ಸೀಮೆಎಣ್ಣೆಯ ತಳದಲ್ಲಿ ಹಲ್ಲು, ಯಾವ ಕಡೆಗಿತ್ತು ಮುಖ, ಹಲ್ಲು, ಮಂಕಾಗಿ, ಅಲ್ಲಾಡದೆ —