ಏನ ಬಂದ್ರೂ ಡಿಲೀಟ್ ಒತ್ರಿ

ಶಶಿಕಾಂತನಿಗೆ ಸಾಕಾಗಿ ಹೋಗಿತ್ತು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತೇನೋ ನಿಜ, ಆದರೆ ಅಲ್ಲಿ ಕೂತು ಮಾಡುವ ಕೆಲಸಕ್ಕಿಂತ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆ ತಿರುಗುವುದೇ ಹೆಚ್ಚಾಗಿತ್ತು. ಇವತ್ತು ಹಾವೇರಿ, ನಾಳೆ ಕುಮಾರಪಟ್ಟಣ, ನಾಡಿದ್ದು ಬ್ಯಾಡಗಿ. ಎಲ್ಲಿ ಹೋದರೂ ಅದೇ ರೋಗ. ಪೆನ್ ಡ್ರೈವ್ ಅನ್ನುವುದು ಬಂದದ್ದೇ ಬಂದದ್ದು, ಒಬ್ಬರದನ್ನು ಒಬ್ಬರು ಇಸಿದುಕೊಂಡು ಚುಚ್ಚಿದ್ದೇ ಚುಚ್ಚಿದ್ದು. ಮದುವೆಯ ಫೋಟೋಗಳ ಜೊತೆಗೆ ವೈರಸ್ಸೂ ಬೀಗರ ಮನೆಯಿಂದ ಬೀಗರ ಮನೆಗೆ ಹೋಗಿಬಂದು ಮಾಡುತ್ತಿತ್ತು. ಈ ಕಡೆಯ ಜನ ಅದನ್ನು ವೈರಸ್ ಅನ್ನುವುದೇ ಅಪರೂಪ, ಹುಳ ಅನ್ನುತ್ತಾರೆ. "ಕಂಪ್ಯೂಟರಿಗೆ ಹುಳ ಹತ್ಯಾವ, ಲಗೂ ಬರ್ರಿ" ಎಂದು ಫೋನು ಬಂತೆಂದರೆ ಶಶಿಕಾಂತ ಕಣ್ಣು ಮುಚ್ಚಿಕೊಂಡು "ಬಂದ್ನಿ" ಅನ್ನುತ್ತಿದ್ದ.

ಹುಳ ತೆಗೆದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ. ಯಾವ ಆ್ಯಂಟಿವೈರಸ್ ಚಲೋ? ಪುಕ್ಕಟೆ ಇರಬೇಕು, ಹಾಡು ಇಳಿಸಿಕೊಳ್ಳುವಾಗ ಅಡ್ಡ ಬರಬಾರದು, ಮೇಲಾಗಿ ಪದೇ ಪದೇ ಏನನ್ನೂ ಕೇಳಬಾರದು. ಇಂಥ ಅಳಿಯ ಯಾರಿಗೆ ಸಿಗುತ್ತಾನೆ? ಹಾವೇರಿಯಲ್ಲೊಬ್ಬರು ಒಂದು ಸಾಲದೆಂದು ಎರಡು ಆ್ಯಂಟಿವೈರಸ್ ಹಾಕಿಸಿದ್ದರು. ಅವೆರಡೂ ಒಂದನ್ನೊಂದು ಕಳ್ಳನೆಂದು ಹಿಡಿದುಕೊಂಡು ಕೂತು ಕಂಪ್ಯೂಟರು ಏಳಲೇ ಇಲ್ಲ. ಮೊದಮೊದಲು ಶಶಿಕಾಂತ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ. ಯಾವುದೇ ಇರಲಿ, ದಿನಾ ಅಪ್‌ಡೇಟ್ ಆಗಬೇಕು, ಅದು ಕೇಳಿದ್ದನ್ನು ಓದಿ ಉತ್ತರ ಕೊಡಬೇಕು ಎಂದೆಲ್ಲ. ಈಗ ಹೇಳುವುದನ್ನು ಬಿಟ್ಟಿದ್ದ. ಕೇಳುವವರು ಯಾರು?

ಆ ದಿನ ಅವನು ಬ್ಯಾಡಗಿಗೆ ಬಂದದ್ದು ನಿರ್ಮಲಾ ಅವರ ಫೋನು ಬಂದದ್ದಕ್ಕೆ. "ತಮ್ಮಾ, ಇವರ ಶಬ್ದಗಳನ್ನ ಹುಳ ತಿಂದಾವ" ಎಂದು ಆಕೆ ಅತ್ತಿದ್ದರು. ಇವರು ಅಂದರೆ ಆಕೆಯ ಗಂಡ ಪ್ರಭುಲಿಂಗಪ್ಪ. ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ತಲೆ ನರೆಯುವ ತನಕ ದಿವಾನಜಿಯಾಗಿ ಲೆಕ್ಕ ಬರೆದವರು. ಲೆಕ್ಕ ಹೊಟ್ಟೆಪಾಡಿಗೆ, ಅವರ ಜೀವ ಇದ್ದದ್ದು ಮಾತಿನಲ್ಲಿ. ಹಮಾಲರು, ಹೊಲದವರು, ಕಾಯಿ ಆರಿಸುವ ಹೆಂಗಸರು ಆಡುವ ಮಾತುಗಳನ್ನೆಲ್ಲ ಚೀಟಿಗಳಲ್ಲಿ ಬರೆದು ಕೂಡಿಹಾಕಿದ್ದರು. ಕೆಲಸ ಬಿಟ್ಟ ಮೇಲೆ ಕಂಪ್ಯೂಟರ್ ಕೊಂಡು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ, ಅಕಾರದಿಂದ ಳಕಾರದ ತನಕ ಎಲ್ಲವನ್ನೂ ಟೈಪು ಮಾಡಿ ಮುಗಿಸಿದ್ದರು. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಚೀಟಿಗಳನ್ನು ರದ್ದಿಗೆ ಹಾಕಿದ್ದರು. ಹೋದ ದೀಪಾವಳಿಗೆ ಲಕ್ವ ಹೊಡೆದು ಬಲಗೈ ಬಿತ್ತು, ಬಾಯಿ ಬಿತ್ತು. ಎಲ್ಲ ತಿಳಿಯುತ್ತಿತ್ತು, ಆದರೆ ಹೇಳಲು, ಬರೆಯಲು ಆಗುತ್ತಿರಲಿಲ್ಲ. ಅವರ ಮಾತು ಅಂತ ಉಳಿದದ್ದು ಆ ಫೈಲು ಒಂದೇ.

ಶಶಿಕಾಂತ ಒಳಗೆ ಹೋದಾಗ ಪ್ರಭುಲಿಂಗಪ್ಪ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಅವನನ್ನು ನೋಡಿ ಎಡಗೈ ಎತ್ತಿ, "ಆ... ಆ..." ಅಂದರು. ಅವನು ಕೈ ಮುಗಿದ. ಮಾತು ಬಾರದವರ ಎದುರು ಏನು ಮಾತಾಡಬೇಕೋ ಅವನಿಗೆ ಎಂದೂ ತಿಳಿಯುತ್ತಿರಲಿಲ್ಲ. ಸುಮ್ಮನೆ ಕಂಪ್ಯೂಟರಿನ ಮುಂದೆ ಕೂತ.

"ಏನಾತು ಹೇಳ್ರಿ ಅಕ್ಕಾರ, ಸಾವಕಾಶ ಹೇಳ್ರಿ."

"ಹ್ವಾದ ವಾರ ನೀ ಬಂದು ಹುಳ ತಗದು, ಹೊಸಾ ಆ್ಯಂಟಿವೈರಸ್ ಹಾಕಿ ಹೋದೆಲ್ಲಪಾ, ಅದು ನೀ ಹೋದ ಮ್ಯಾಲೆ ಒಂದು ಕೆಂಪು ಡಬ್ಬಿ ತೋರಿಸ್ತು. ಡಿಲೀಟ್ ಮಾಡ್ಲ್ಯಾ ಅಂತ ಕೇಳ್ತು. ನಿನಗ ಫೋನ್ ಹಚ್ಚಿದೆ."

ಶಶಿಕಾಂತನಿಗೆ ನೆನಪಿತ್ತು. ಸ್ಕ್ಯಾನು ಮುಗಿಯುವ ತನಕ ಕೂತಿದ್ದರೆ ಬಸ್ಸು ತಪ್ಪುತ್ತಿತ್ತು. ಅದನ್ನು ಓಡಲು ಬಿಟ್ಟು ಎದ್ದು ಬಂದಿದ್ದ. ಫೋನು ಬಂದಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಮೂಗಿನ ಹತ್ತಿರ ಯಾರದೋ ಮೆಣಸಿನಕಾಯಿ ಚೀಲ. ಸೀನುತ್ತಲೇ ಕಿರುಚಿದ್ದ: "ಏನ ಬಂದ್ರೂ ಡಿಲೀಟ್ ಒತ್ರಿ!"

"ಒತ್ತಿದೆ," ಅಂದರು ನಿರ್ಮಲಾ. "ಮತ್ತ ಬಂತು, ಮತ್ತ ಒತ್ತಿದೆ. ಆಮ್ಯಾಲೆ ಇವರ ಶಬ್ದದ ಫೈಲು ನೆಟ್ಟಗ ಐತೇನು ಅಂತ ತಗದು ನೋಡಿದ್ನಿ. ಅಯ್ಯೋ ಶಿವನ! ಒಂದ ಅಕ್ಷರ ಕನ್ನಡ ಇಲ್ಲ. ಎಲ್ಲಾ ಇಂಗ್ಲಿಷ್ ಅಕ್ಷರ, ತಲಿ ಮ್ಯಾಲೆ ಗೀಟು, ಕೊಂಬು, ಚುಕ್ಕಿ. ಹುಳ ಹೊಕ್ಕು ತಿಂದಿದ್ದು ಕಣ್ಣಿಗೆ ಕಾಣಾಕತ್ತಿತ್ತು. ಹಂಗಂತ ಅದನ್ನೂ ತಗದು ಒಗದೆ. ಕಸದ ಬುಟ್ಟಿ ಅಂತಾರಲ್ಲ, ಅದನ್ನೂ ಖಾಲಿ ಮಾಡೇನಿ. ನಮ್ಮ ಫೋಟೋ ಅದಾವ, ಮಗಳು ಕಾವೇರಿ ಮಗಂದು ತೊಟ್ಟಿಲದ ಫೋಟೋ ಅದಾವ, ಅವಕ್ಕರ ಹತ್ತಬಾರದಲ್ಲ?"

ನಿರ್ಮಲಾ ಮೆಣಸಿನಕಾಯಿ ಮನೆತನದಲ್ಲಿ ಹುಟ್ಟಿ ಬೆಳೆದವರು. ಬೂಷ್ಟು ಹಿಡಿದ ಕಾಯಿ ರಾಶಿಯಲ್ಲಿ ಕಂಡರೆ ಅದೆಷ್ಟೇ ದೊಡ್ಡದಿರಲಿ, ಕೆಂಪಗಿರಲಿ, ಆ ಗಳಿಗೆಯಲ್ಲೇ ಆರಿಸಿ ಅಂಗಳದಾಚೆ ಎಸೆಯಬೇಕು ಎಂದು ಕಲಿತ ಕೈ ಅದು. ಹಾಗೆಯೇ ಮಾಡಿದ್ದರು.

ಶಶಿಕಾಂತ ಆ್ಯಂಟಿವೈರಸ್ ತೆರೆದು ಅದು ಹಿಡಿದದ್ದೇನು ಎಂದು ನೋಡಿದ. ಹುಳವನ್ನಲ್ಲ, ಕನ್ನಡ ಟೈಪು ಮಾಡುವ ಸಾಫ್ಟ್‌ವೇರನ್ನು ಹಿಡಿದಿತ್ತು. ಆ ಸಾಫ್ಟ್‌ವೇರು ಒತ್ತಿದ ಪ್ರತಿ ಕೀಲಿಯನ್ನೂ ನೋಡುತ್ತಿರಬೇಕು. ಇಲ್ಲದಿದ್ದರೆ ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಮೂಡುವುದು ಹೇಗೆ? ಎಲ್ಲಿಯದೋ ದೇಶದ ಈ ಆ್ಯಂಟಿವೈರಸ್ಸಿಗೆ ಕನ್ನಡದ ಗಂಧವಿಲ್ಲ. ಕೀಲಿ ನೋಡುವವನೆಲ್ಲ ಪಾಸ್‌ವರ್ಡ್ ಕದಿಯುವವನೇ ಎಂದು ಅದು ತಿಳಿದುಕೊಂಡಿತ್ತು. ಡಿಲೀಟ್ ಒತ್ತಿದ್ದಕ್ಕೆ ಸಾಫ್ಟ್‌ವೇರೂ ಹೋಯಿತು, ಅದರ ಜೊತೆ ಬಂದಿದ್ದ ಕನ್ನಡ ಅಕ್ಷರಗಳ ಫಾಂಟೂ ಹೋಯಿತು. ಫಾಂಟು ಇಲ್ಲದ ಮೇಲೆ ಬರೆದದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಫೈಲಿಗೆ ಏನೂ ಆಗಿರಲಿಲ್ಲ.

ಇದನ್ನು ಆಕೆಗೆ ಹೇಳದೆ ಎದ್ದುಹೋಗಬಹುದಿತ್ತು. ಹುಳ ತಿಂದುಬಿಟ್ಟಿದೆ ಅಕ್ಕಾರ, ಏನೂ ಮಾಡಲು ಬರುವುದಿಲ್ಲ ಅಂದರೆ ಮುಗಿಯಿತು. ಹುಳ ಬಂದು ಇಲ್ಲ ಅನ್ನುವುದಿಲ್ಲ. ಅಷ್ಟು ದಣಿವಾಗಿತ್ತು ಅವನಿಗೆ. ಆದರೆ ಬೆನ್ನ ಹಿಂದೆ ಕುರ್ಚಿಯಲ್ಲಿದ್ದ ಮನುಷ್ಯನ ಉಸಿರು ಕೇಳುತ್ತಿತ್ತು. ಶಶಿಕಾಂತ ಚೀಲದಿಂದ ಸಿ.ಡಿ. ತೆಗೆದು, ಅಳಿಸಿದ ಫೈಲುಗಳನ್ನು ಹುಡುಕುವ ಪ್ರೋಗ್ರಾಮು ಹಚ್ಚಿದ.

ಅದು ಬಹಳ ಹೊತ್ತು ಹುಡುಕಿತು. ನಡುವೆ ಕರೆಂಟು ಹೋಯಿತು, ಯು.ಪಿ.ಎಸ್. ಕೂಗಿಕೊಂಡಿತು, ಕರೆಂಟು ಬಂತು, ಮತ್ತೆ ಮೊದಲಿನಿಂದ ಶುರುವಾಯಿತು. ನಿರ್ಮಲಾ ಚಹಾ ಕೊಟ್ಟರು, ಆಮೇಲೆ ಮಂಡಕ್ಕಿ ಕೊಟ್ಟರು, ಆಮೇಲೆ ಕೊಡಲು ಏನೂ ತೋಚದೆ ಸೆರಗಿನ ತುದಿ ಹಿಡಿದು ನಿಂತರು. ಕೊನೆಗೆ ಫೈಲು ಸಿಕ್ಕಿತು. ಆದರೆ ಅರ್ಧ. ಉಳಿದರ್ಧದ ಜಾಗದ ಮೇಲೆ ಈ ಒಂದು ವಾರದಲ್ಲಿ ಬೇರೇನೋ ಬಂದು ಕೂತಿತ್ತು. ಅದೇ ಆ್ಯಂಟಿವೈರಸ್ಸಿನ ಅಪ್‌ಡೇಟೇ ಇರಬೇಕು.

ಫೈಲು ತೆರೆದ ಕೂಡಲೇ ನಿರ್ಮಲಾ ಬಾಯಿಗೆ ಕೈ ಇಟ್ಟುಕೊಂಡರು. "ಇದs ನೋಡು ತಮ್ಮಾ, ಇದs ಹುಳ! ಇನ್ನೂ ಹಂಗs ಅದಾವ!"

"ಹುಳ ಅಲ್ರಿ ಅಕ್ಕಾರ. ಒಂದೀಟು ನಿಂದರ್ರಿ."

ಅವನು ಆ್ಯಂಟಿವೈರಸ್ ಬಂದ್ ಮಾಡಿ, ಕನ್ನಡದ ಸಾಫ್ಟ್‌ವೇರನ್ನು ಮತ್ತೆ ಹಾಕಿದ. ಫೈಲನ್ನು ಮುಚ್ಚಿ ತೆರೆದ. ಗೀಟು, ಕೊಂಬು, ಚುಕ್ಕಿಗಳೆಲ್ಲ ಹೋಗಿ ತೆರೆಯ ತುಂಬ ದುಂಡನೆಯ ಕನ್ನಡ ಅಕ್ಷರಗಳು ಎದ್ದು ನಿಂತವು. ನಿರ್ಮಲಾ ಬಗ್ಗಿ, ಸಿಕ್ಕಲ್ಲಿ ಗಟ್ಟಿಯಾಗಿ ಓದಿದರು. "ಘಾಟು. ಮೆಣಸಿನಕಾಯಿಯಿಂದ ಏಳುವ ಖಾರದ ಗಾಳಿ. ಬ್ಯಾಡಗಿಯವರಿಗೆ ಗೊತ್ತಾಗುವುದಿಲ್ಲ, ಬೀಗರಿಗೆ ಗೊತ್ತಾಗುತ್ತದೆ." ಓದಿ ನಕ್ಕುಬಿಟ್ಟರು. ಎಷ್ಟೋ ದಿನದಿಂದ ಆ ಮನೆಯಲ್ಲಿ ನಗೆ ಇದ್ದ ಹಾಗಿರಲಿಲ್ಲ.

"ಹುಳ ತಿಂದಿದ್ದು ತಿರುಗಿ ಹೆಂಗ ಬಂತಪಾ?"

"ಹುಳ ತಿಂದೇ ಇರಲಿಲ್ರಿ. ಕನ್ನಡದ ಫಾಂಟ್ ಹೋಗಿತ್ತು, ಅದಕ ಹಂಗ ಕಾಣಾಕತ್ತಿತ್ತು. ಒಳಗ ಎಲ್ಲಾ ಚಲೋನs ಇತ್ತು." ಅವನು ನೆಲ ನೋಡುತ್ತ ಹೇಳಿದ. "ತಕಾರದ ತನಕ ಸಿಕ್ಕೈತಿ. ಮುಂದಿಂದು ಸಿಗೂದಿಲ್ಲ. ಡಿಲೀಟ್ ಒತ್ರಿ ಅಂದಾವ ನಾನs. ನಿಮ್ಮದೇನೂ ತಪ್ಪಿಲ್ಲ."

ನಿರ್ಮಲಾ ಅವನ ಮಾತು ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ. ಅವರ ಮುಖದ ನಗೆ ಹೋಗಿ, ಬಣ್ಣವೂ ಹೋಗಿತ್ತು.

"ಹಂಗಾರ ಅವತ್ತು..." ಅಂದರು. "ಅವತ್ತು ನಾ ಅಳಿಸುವಾಗ ಇವರು ಒಂದs ಸವನ ಒದರಾಕತ್ತಿದ್ರು. ಕುರ್ಚಿ ಬಡಿದು ಬಡಿದು ಒದರಿದ್ರು. ಬಚ್ಚಲಕ್ಕ ಹೋಗಬೇಕಾಗಿರಬೇಕು ಅಂತ ಎಬ್ಬಿಸಿ ಕರಕೊಂಡು ಹೋದೆ. ಹೋಗಲಿಲ್ಲ. ನೀರು ಕೊಟ್ಟೆ, ಚೆಲ್ಲಿದ್ರು. ನಾ ಬೈದೆ, ಶಶಿಕಾಂತ. ನನಗೂ ಸಾಕಾಗೇತಿ, ಸುಮ್ಮ ಕುಂದರ್ರಿ ಅಂತ ಬೈದು, ಬಂದು ಪೂರಾ ಅಳಿಸಿದೆ."

ಆಕೆ ಗಂಡನ ಎದುರು ಹೋಗಿ ನೆಲದ ಮೇಲೆ ಕೂತರು.

"ಬ್ಯಾಡ ಅನ್ನಾಕತ್ತಿದ್ರೇನ್ರಿ?"

ಪ್ರಭುಲಿಂಗಪ್ಪ ಕಣ್ಣು ಮುಚ್ಚಿ ತೆರೆದರು. ಹೌದು ಅನ್ನಲು ಅವರಿಗೆ ಉಳಿದಿದ್ದ ದಾರಿ ಅದು. ನಿರ್ಮಲಾ ಗಂಡನ ಮೊಣಕಾಲಿಗೆ ಹಣೆ ಹಚ್ಚಿ ಅತ್ತರು. ಮುದುಕರ ಎಡಗೈ ಒಂದಿಷ್ಟು ಹೊತ್ತು ಕುರ್ಚಿಯ ಮೇಲೇ ಇತ್ತು, ಆಮೇಲೆ ಹೆಂಡತಿಯ ಹೆಗಲಿಗೆ ಬಂತು. ಶಶಿಕಾಂತನಿಗೆ ಎದ್ದು ಹೊರಗೆ ಹೋಗೋಣ ಅನ್ನಿಸಿತು, ಆದರೆ ಹೋಗಲಿಲ್ಲ.

ಮಾಡಲು ಬೇರೆ ಏನೂ ಇಲ್ಲದೆ ಅವನು ಕಂಪ್ಯೂಟರಿನತ್ತ ತಿರುಗಿ, ಬಂದ್ ಮಾಡಿದ್ದ ಆ್ಯಂಟಿವೈರಸ್ಸನ್ನು ಚಾಲೂ ಮಾಡಿದ. ತಕ್ಷಣ ಅದೇ ಕೆಂಪು ಡಬ್ಬಿ ತೆರೆಯ ಮೇಲೆ ಬಂತು. ಹೊಸದಾಗಿ ಹಾಕಿದ ಈ ಪ್ರೋಗ್ರಾಮು ನಿಮ್ಮ ಕೀಲಿಗಳನ್ನು ನೋಡುತ್ತಿದೆ, ಅಪಾಯಕಾರಿ ಇರಬಹುದು, ಇಡಬೇಕೋ ಡಿಲೀಟ್ ಮಾಡಬೇಕೋ ಎಂದು ಇಂಗ್ಲಿಷಿನಲ್ಲಿ ಕೇಳಿತು. ಇಡು ಎಂದು ಒತ್ತಲು ಅವನ ಕೈ ಮೌಸಿಗೆ ಹೋಗಿತ್ತು.

"ತಡಿ, ಒತ್ತಬ್ಯಾಡ," ಅಂದರು ನಿರ್ಮಲಾ. ಎದ್ದು ಬಂದು, ಕಣ್ಣು ಒರೆಸಿಕೊಂಡು, ಆ ಭಾರದ ಮಾನಿಟರನ್ನು ಎರಡೂ ಕೈಯಿಂದ ಹಿಡಿದು ಗಂಡನ ಕಡೆಗೆ ತಿರುಗಿಸಿದರು. "ನೋಡ್ರಿ, ಮತ್ತ ಕೇಳಾಕತ್ತೇತಿ. ಏನು ಮಾಡ್ಲಿ? ಇಡ್ಲ್ಯಾ, ತಗೀಲ್ಯಾ?"

ಪ್ರಭುಲಿಂಗಪ್ಪ ಮುಂದಕ್ಕೆ ಬಾಗಿ, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಓದತೊಡಗಿದರು. ನಿರ್ಮಲಾ ಗಂಡನ ಮುಖವನ್ನೇ ನೋಡುತ್ತ ಕಾದರು.